ರಿಮಾಸ್ಟರ್ ಆದ ಹಾಡು ಯಾಕೆ ತಲೆ ತಿನ್ನುತ್ತದೆ?

ಹೋದ ಸಂಚಿಕೆಯಲ್ಲಿ ಹೆಡ್‌ಫೋನ್ ಬಗ್ಗೆ ಬರೆಯುತ್ತಾ, ‘ಎಲ್ಲ ತಪ್ಪೂ ಹೆಡ್‌ಫೋನಿನದಲ್ಲ, ಎಷ್ಟೋ ಸಲ ಹಾಡೇ ಚಪ್ಪಟೆಯಾಗಿರುತ್ತದೆ’ ಎಂದು ಒಂದು ಸಾಲು ಬರೆದಿದ್ದೆ. ಚಪ್ಪಟೆ ಎಂದರೆ ಜೋರು, ಮೆಲ್ಲನೆ ಎಂಬ ಏರಿಳಿತವೇ ಇಲ್ಲದ್ದು. ಹೆಡ್‌ಫೋನ್ ಬಗ್ಗೆ ಬಂದ ಪತ್ರಗಳಿಗಿಂತ ಆ ಒಂದು ಸಾಲಿಗೆ ಬಂದ ಪತ್ರಗಳೇ ಜಾಸ್ತಿ. ಇಪ್ಪತ್ತಾರು ವರ್ಷ ಮಾಸ್ಟರಿಂಗ್ ಕೋಣೆಯಲ್ಲಿ ಕೂತು ಬೇರೆಯವರ ಹಾಡುಗಳಿಗೆ ಕೊನೆಯ ಕೈ ಹಾಕಿದವಳು ನಾನು. ಹಾಡು ಹೊರಗೆ ಬರುವ ಮುಂಚೆ ಅದರ ಸದ್ದನ್ನು ಹದ ಮಾಡುವ ಆ ಕೊನೆಯ ಕೆಲಸವೇ ಮಾಸ್ಟರಿಂಗ್, ಹಳೆಯ ಹಾಡಿಗೆ ಅದನ್ನು ಮತ್ತೆ ಮಾಡಿದರೆ ರಿಮಾಸ್ಟರ್. ಚಪ್ಪಟೆ ಮಾಡಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಮೇಡಂ, ನನ್ನ ಹತ್ತಿರ ಒಂದು ಆಲ್ಬಮ್‌ನ 1987ರ ಸಿ.ಡಿ. ಇದೆ. ಅದೇ ಆಲ್ಬಮ್ ‘ರಿಮಾಸ್ಟರ್ಡ್’ ಎಂದು ಮತ್ತೆ ಬಂದಾಗ ಆಸೆಯಿಂದ ತಗೊಂಡೆ. ಹಾಕಿದ ತಕ್ಷಣ ಅಬ್ಬಾ ಅನಿಸಿತು. ನಾಲ್ಕನೇ ಹಾಡಿಗೆ ತಲೆ ಚಿಟ್ಟು ಹಿಡಿಯಿತು. ಹಳೆಯದನ್ನು ಒಂದೇ ದಿನ ಮೂರು ಸಲ ಕೇಳಿದರೂ ಹಾಗಾಗುವುದಿಲ್ಲ. ನನಗೆ ವಯಸ್ಸಾಯಿತಾ, ಇಲ್ಲಾ ಸಿ.ಡಿ.ಯಲ್ಲೇ ಏನಾದರೂ ಇದೆಯಾ?
— ಹಳೇ ಡಬ್ಬಿ

ಉತ್ತರ: ವಯಸ್ಸು ಎಲ್ಲರಿಗೂ ಆಗುತ್ತದೆ. ಆದರೆ ಇಲ್ಲಿ ತಪ್ಪು ಸಿ.ಡಿ.ಯದೇ.

ಸಿ.ಡಿ.ಗೆ ಒಂದು ಚಾವಣಿ ಇದೆ. ಅದನ್ನು ಸೊನ್ನೆ ಡೆಸಿಬೆಲ್ ಎನ್ನುತ್ತಾರೆ. ಅದಕ್ಕಿಂತ ಮೇಲೆ ಒಂದು ಕೂದಲೆಳೆಯಷ್ಟೂ ಹೋಗುವಂತಿಲ್ಲ, ಅಲ್ಲಿಗೆ ಸಂಖ್ಯೆಗಳೇ ಮುಗಿದವು. ಆ ಚಾವಣಿಯಿಂದ ಕೆಳಗೆ ಸುಮಾರು 96 ಡೆಸಿಬೆಲ್ ಜಾಗ ಇದೆ. ಪಿಸುಮಾತಿನಿಂದ ಹಿಡಿದು ಡ್ರಮ್ ಏಟಿನವರೆಗೆ ಎಲ್ಲವನ್ನೂ ಅದರೊಳಗೇ ಕೂರಿಸಬೇಕು. ಬೇಕಾದಷ್ಟು ಜಾಗವೇ ಅದು. ಮೊದಮೊದಲು ಹಾಗೇ ಕೂರಿಸುತ್ತಿದ್ದರು: ಸರಾಸರಿ ಸದ್ದು ಕೆಳಗೆ ಆರಾಮಾಗಿ ಇರುತ್ತಿತ್ತು, ಡ್ರಮ್ಮಿನ ಏಟು, ಗಾಯಕಿಯ ಮೇಲಿನ ಸ್ವರ ಮಾತ್ರ ಆಗೊಮ್ಮೆ ಈಗೊಮ್ಮೆ ಚಾವಣಿ ಮುಟ್ಟಿ ಬರುತ್ತಿದ್ದವು. ನನ್ನ ಕಪಾಟಿನಲ್ಲಿರುವ ಎಂಬತ್ತರ ದಶಕದ ಡಿಸ್ಕುಗಳನ್ನು ಅಳೆದರೆ ಸರಾಸರಿ ಮಟ್ಟ ಚಾವಣಿಗಿಂತ ಹದಿನೆಂಟರ ಆಸುಪಾಸು ಕೆಳಗಿದೆ. 2005ರ ಸುತ್ತಮುತ್ತ ನಾನೇ ಮಾಸ್ಟರ್ ಮಾಡಿದವುಗಳಲ್ಲಿ ಅದು ಬರೀ ಎಂಟು, ಒಂಬತ್ತು. ಅಂದರೆ ಹಾಡು ಹೆಚ್ಚುಕಡಿಮೆ ಚಾವಣಿಗೆ ಅಂಟಿಕೊಂಡೇ ಇದೆ.

ಚಾವಣಿ ಎತ್ತರಿಸೋಕೆ ಆಗಲ್ಲವಲ್ಲ, ಅದಕ್ಕೆ ನೆಲ ಎತ್ತರಿಸಿದರು. ಆ ಕೆಲಸಕ್ಕಿರುವ ಸಾಧನದ ಹೆಸರು ಕಂಪ್ರೆಸರ್. ಅದಕ್ಕೆ ಒಂದು ಗೆರೆ ಹೇಳಿಕೊಡುತ್ತೀವಿ, ಇಪ್ಪತ್ತು ಡೆಸಿಬೆಲ್ ಕೆಳಗಿನ ಗೆರೆ ಅಂತಿಟ್ಟುಕೊಳ್ಳಿ. ಗೆರೆ ದಾಟಿದ್ದನ್ನೆಲ್ಲ ನಾಲ್ಕಕ್ಕೊಂದು ಮಾಡು ಎನ್ನುತ್ತೀವಿ. ಹನ್ನೆರಡು ಡೆಸಿಬೆಲ್ ಮೇಲೆ ಹಾರಿದ ಏಟು ಮೂರಕ್ಕೆ ಇಳಿಯುತ್ತದೆ. ಮೇಲೆ ಒಂಬತ್ತು ಡೆಸಿಬೆಲ್ ಜಾಗ ಖಾಲಿಯಾಯಿತು, ಅಲ್ವಾ? ಈಗ ಇಡೀ ಹಾಡನ್ನು ಒಂಬತ್ತು ಮೇಲಕ್ಕೆ ಎತ್ತು. ಏಟು ಮೊದಲಿದ್ದ ಜಾಗಕ್ಕೇ ಬಂತು. ಜೊತೆಗೆ ಗಾಯಕಿ ಉಸಿರೆಳೆದ ಸದ್ದು, ಗಿಟಾರ್ ತಂತಿಯ ಮೇಲೆ ಬೆರಳು ಜಾರಿದ ಕಿರ್ರ್, ಯಾರೋ ಕುರ್ಚಿ ಸರಿಸಿದ್ದು ಎಲ್ಲವೂ ಒಂಬತ್ತು ಡೆಸಿಬೆಲ್ ಮೇಲೆ ಬಂದವು. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಎನಿಸುತ್ತದೆ. ನಿಮ್ಮ ಆ ಮೊದಲ ‘ಅಬ್ಬಾ’ ಅಲ್ಲಿಂದ ಬಂದದ್ದು. ಒಂದೇ ಹಾಡನ್ನು ಒಂದೇ ಡೆಸಿಬೆಲ್ ಜಾಸ್ತಿ ಮಾಡಿ ಕೇಳಿಸಿದರೂ ಜನ ‘ಇದು ಜೋರಾಗಿದೆ’ ಎನ್ನುವುದಿಲ್ಲ, ‘ಇದು ಚೆನ್ನಾಗಿದೆ’ ಎನ್ನುತ್ತಾರೆ. ನಾನೂ ಎಷ್ಟೋ ಸಲ ಮೋಸ ಹೋಗಿದ್ದೇನೆ.

ನಾಲ್ಕನೇ ಹಾಡಿನ ವಿಷಯ ಬೇರೆ. ಕೋಲು ಡ್ರಮ್ಮಿಗೆ ತಾಗಿದ ಮೊದಲ ಐದು-ಹತ್ತು ಮಿಲಿಸೆಕೆಂಡಿನಲ್ಲೇ ಆ ಏಟಿನ ಜೀವ ಇರುವುದು. ಅದನ್ನು ಹೆರೆದು ಹಾಕಿದರೆ ‘ಟಕ್’ ಎನ್ನುವುದು ‘ಥಪ್’ ಆಗುತ್ತದೆ. ಹೆರೆಯುವುದು ಇನ್ನೂ ಜಾಸ್ತಿಯಾದರೆ ಅಲೆಯ ತುದಿ ಸಪಾಟಾಗುತ್ತದೆ, ನುಡಿಸಿದವರು ನುಡಿಸದೇ ಇದ್ದ ಹೊಸ ಕರ್ಕಶ ಸ್ವರಗಳು ಅಲ್ಲಿ ಹುಟ್ಟಿಕೊಳ್ಳುತ್ತವೆ. ಜೊತೆಗೆ ಪ್ರತಿ ಏಟಿಗೂ ಕಂಪ್ರೆಸರ್ ಇಡೀ ಹಾಡನ್ನು ಅದುಮಿ ಬಿಡುವುದರಿಂದ, ಹಾಡುವವರನ್ನು ಯಾರೋ ಹಿಂದಿನಿಂದ ಜಗ್ಗಿ ಜಗ್ಗಿ ಬಿಟ್ಟಂತೆ ಕೇಳುತ್ತದೆ. ಇಷ್ಟೆಲ್ಲ ಆದಮೇಲೂ ಎಲ್ಲೂ ಒಂದು ಚೂರು ತಗ್ಗುವುದಿಲ್ಲ. ಒಬ್ಬರು ನಲವತ್ತು ನಿಮಿಷ ಒಂದೇ ಸಮನೆ ಕೂಗಿ ಮಾತಾಡಿದರೆ, ಮಾತು ಎಷ್ಟೇ ಒಳ್ಳೆಯದಿರಲಿ, ಎದ್ದು ಹೋಗೋಣ ಅನಿಸುತ್ತದೆ.

ಒಂದು ಪರೀಕ್ಷೆ ಮಾಡಿ. ಎರಡೂ ಸಿ.ಡಿ.ಯಿಂದ ಒಂದೇ ಹಾಡನ್ನು ಕಂಪ್ಯೂಟರಿಗೆ ಹಾಕಿ, ಆಡಾಸಿಟಿಯಲ್ಲಿ ತೆರೆಯಿರಿ. ಆ ತಂತ್ರಾಂಶ ಉಚಿತ. ಹಳೆಯದು ಮುಳ್ಳುಹಂದಿಯ ಮೈ ಇದ್ದಂತೆ ಕಾಣುತ್ತದೆ. ಹೊಸದು ಇಟ್ಟಿಗೆ. ಆಮೇಲೆ ಹೊಸದರ ಮಟ್ಟವನ್ನು ಹಳೆಯದಕ್ಕೆ ಸಮ ಬರುವಷ್ಟು ಇಳಿಸಿ, ಕಣ್ಣು ಮುಚ್ಚಿ ಎರಡನ್ನೂ ಕೇಳಿ. ಆ ‘ಅಬ್ಬಾ’ ಎಲ್ಲಿ ಹೋಯಿತು ಎಂದು ನನಗೆ ಬರೆಯಿರಿ.

ಪ್ರಶ್ನೆ: ಇದೆಲ್ಲ ಎಂ.ಪಿ.3 ಕಂಪ್ರೆಷನ್ನಿಂದ ಆಗುವುದು, ಫ್ಲ್ಯಾಕ್ ಫೈಲ್ ತಗೊಂಡರೆ ಸರಿಹೋಗುತ್ತದೆ ಎಂದು ನನ್ನ ಮಗ ವಾದಿಸುತ್ತಾನೆ. ನಿಜವಾ?
— ವಾದದಲ್ಲಿ ಸೋತ ಅಪ್ಪ

ಉತ್ತರ: ಈ ಸಲ ನೀವು ಗೆಲ್ಲಬಹುದು. ಎರಡಕ್ಕೂ ಕಂಪ್ರೆಷನ್ ಎಂಬ ಒಂದೇ ಹೆಸರಿಟ್ಟು ಎಲ್ಲರ ತಲೆ ಕೆಡಿಸಿದ್ದಾರೆ, ಅಷ್ಟೇ. ಎಂ.ಪಿ.3 ಫೈಲಿನ ಗಾತ್ರವನ್ನು ಕುಗ್ಗಿಸುತ್ತದೆ, ಕಿವಿಗೆ ಗೊತ್ತಾಗದ ವಿವರಗಳನ್ನು ಹುಡುಕಿ ಬಿಸಾಡುತ್ತದೆ. ನಾವು ಮಾತಾಡುತ್ತಿರುವುದು ಜೋರು ಮತ್ತು ಮೆಲ್ಲನೆಯ ನಡುವಿನ ಅಂತರ ಕುಗ್ಗಿಸುವುದರ ಬಗ್ಗೆ. ಫ್ಲ್ಯಾಕ್ ಏನನ್ನೂ ಬಿಸಾಡದೆ ಕಾಪಾಡುತ್ತದೆ ನಿಜ. ಆದರೆ ಇಟ್ಟಿಗೆ ಕೊಟ್ಟರೆ ಇಟ್ಟಿಗೆಯನ್ನೇ ಕಾಪಾಡುತ್ತದೆ. ಹಳೆಯ, ಹಿಂಡದ ಮಾಸ್ಟರ್‌ನಿಂದ ಮಾಡಿದ 320 ಕಿಲೋಬಿಟ್‌ನ ಎಂ.ಪಿ.3, ಹಿಂಡಿದ ಮಾಸ್ಟರ್‌ನ ಫ್ಲ್ಯಾಕ್‌ಗಿಂತ ಎಷ್ಟೋ ಮೇಲು.

ಮಗನಿಗೂ ಒಂದು ಸಣ್ಣ ಪಾಲು ಕೊಡೋಣ. ಚಾವಣಿಗೆ ಅಂಟಿಕೊಂಡ ಹಾಡನ್ನು ಎಂ.ಪಿ.3 ಮಾಡಿದರೆ, ಮತ್ತೆ ಬಿಚ್ಚುವಾಗ ಕೆಲವು ತುದಿಗಳು ಮೊದಲಿದ್ದುದಕ್ಕಿಂತ ಎತ್ತರಕ್ಕೆ ಹೋಗುತ್ತವೆ, ಅಲ್ಲಿ ಮತ್ತೊಮ್ಮೆ ತುಂಡಾಗುತ್ತವೆ. ಗಾಯದ ಮೇಲೆ ಬರೆ ಎಳೆದ ಹಾಗೆ.

ಪ್ರಶ್ನೆ: ಈ ‘ಜೋರು ಮಾಡು’ ಹುಚ್ಚು ಶುರುವಾದದ್ದು ಯಾವಾಗ? ಯಾರು ಶುರು ಮಾಡಿದ್ದು?
— ಕುತೂಹಲಿ

ಉತ್ತರ: ಒಬ್ಬರ ಹೆಸರು ಹೇಳಿ ಕೈ ತೊಳೆದುಕೊಳ್ಳೋಕೆ ಆಗಲ್ಲ. ಕಾಸು ಹಾಕಿದರೆ ಹಾಡು ಕೇಳಿಸುವ ಜೂಕ್‌ಬಾಕ್ಸ್ ಯಂತ್ರದ ಕಾಲದಲ್ಲೇ ಶುರುವಾಗಿತ್ತು. ಯಂತ್ರದ ವಾಲ್ಯೂಮ್ ಎಲ್ಲ ಹಾಡಿಗೂ ಒಂದೇ. ಹಾಗಾಗಿ ಯಾರ ಡಿಸ್ಕ್ ಜೋರಾಗಿ ಕೆತ್ತಿದೆಯೋ ಅವರ ಹಾಡು ಎದ್ದು ಕೇಳುತ್ತಿತ್ತು. ಆದರೆ ವಿನೈಲ್ ತಾನಾಗಿಯೇ ಕಡಿವಾಣ ಹಾಕುತ್ತಿತ್ತು. ಜೋರು ಮಾಡಿದರೆ ಡಿಸ್ಕಿನ ಮೇಲೆ ಕೆತ್ತಿದ ಗೆರೆ ಅಗಲವಾಗುತ್ತದೆ, ಒಂದು ಬದಿಗೆ ಹಿಡಿಸುವ ನಿಮಿಷ ಕಡಿಮೆಯಾಗುತ್ತದೆ. ತೀರಾ ಅತಿಯಾದರೆ ಸೂಜಿ ಹಾರಿ ಪಕ್ಕದ ಗೆರೆಗೆ ಬೀಳುತ್ತದೆ. 1982ರಲ್ಲಿ ಸಿ.ಡಿ. ಬಂತು, ಸೂಜಿಯ ಭಯ ಹೋಯಿತು. 1994ರಲ್ಲಿ ವೇವ್ಸ್ ಕಂಪನಿಯ ಎಲ್1 ಎಂಬ ಡಿಜಿಟಲ್ ಲಿಮಿಟರ್ ಬಂತು. ಲಿಮಿಟರ್ ಎಂದರೆ ಕಂಪ್ರೆಸರ್‌ನ ಕಟ್ಟುನಿಟ್ಟಿನ ಅಣ್ಣ, ಗೆರೆ ದಾಟಲು ಬಿಡುವುದೇ ಇಲ್ಲ. ಇದು ಮುಂದೆ ಬರುವ ಏಟನ್ನು ಮೊದಲೇ ನೋಡಿಕೊಂಡು ತಗ್ಗಿಸುತ್ತಿತ್ತು. ಒಂದು ಬಾಣ ಕೆಳಕ್ಕೆ ಎಳೆದರೆ ಸಾಕು, ಹಾಡು ಜೋರು. ಅಲ್ಲಿಂದ ಮುಂದಿನ ಹತ್ತು-ಹದಿನೈದು ವರ್ಷ ಎಲ್ಲರೂ ಬಾಣ ಎಳೆದಿದ್ದೇ ಎಳೆದಿದ್ದು.

ನನ್ನದೇ ಕಥೆ ಹೇಳುತ್ತೇನೆ. 2004ರಲ್ಲಿ ಒಂದು ಬ್ಯಾಂಡಿನವರು ಮಿಕ್ಸ್, ಅಂದರೆ ದನಿ, ವಾದ್ಯ ಎಲ್ಲ ಬೆರೆಸಿದ, ಇನ್ನೂ ಮಾಸ್ಟರ್ ಆಗದ ಹಾಡುಗಳನ್ನು ತಂದುಕೊಟ್ಟರು. ಎರಡನೇ ಹಾಡು ಬರೀ ದನಿ ಮತ್ತು ಒಂದು ಗಿಟಾರ್‌ನಿಂದ ಶುರುವಾಗಿ, ಎರಡು ನಿಮಿಷ ಮೆಲ್ಲಗೆ ಸಾಗಿ, ಆಮೇಲೆ ಡ್ರಮ್ ಬೀಳುತ್ತಿತ್ತು. ಆ ಮೊದಲ ಏಟಿಗೆ ನಾನು ಕುರ್ಚಿಯಲ್ಲಿ ಬೆಚ್ಚಿಬಿದ್ದೆ. ಹಾಡು ಕಟ್ಟಿದ್ದೇ ಆ ಏಟಿಗೋಸ್ಕರ. ನಾನು ಮಾಸ್ಟರ್ ಮಾಡಿಕೊಟ್ಟೆ. ಮಾರನೇ ದಿನ ಅವರು ಬೇರೆ ಯಾರದೋ ಡಿಸ್ಕ್ ಹಿಡಿದುಕೊಂಡು ಬಂದರು. ‘ಇದರ ಪಕ್ಕದಲ್ಲಿ ನಮ್ಮದು ಸಪ್ಪೆ’ ಎಂದರು. ಸ್ವಲ್ಪ ಜೋರು ಮಾಡಿಕೊಟ್ಟೆ. ಇನ್ನೂ ಬೇಕು ಎಂದರು. ಫೈಲುಗಳ ಹೆಸರು ನನಗೆ ಇವತ್ತಿಗೂ ನೆನಪಿದೆ: ‘ಫೈನಲ್’, ‘ಫೈನಲ್ ಜೋರು’, ‘ಫೈನಲ್ ಇನ್ನೂ ಜೋರು’, ‘ಫೈನಲ್ ಸಾಕಪ್ಪಾ’. ಕೊನೆಯದೇ ಹೊರಗೆ ಬಂತು. ಅದರಲ್ಲಿ ಆ ಮೊದಲ ಎರಡು ನಿಮಿಷ ಎಷ್ಟು ಜೋರಿದೆಯೋ ಡ್ರಮ್ ಬಿದ್ದ ಮೇಲೂ ಅಷ್ಟೇ ಜೋರು. ಯಾರೂ ಬೆಚ್ಚುವುದಿಲ್ಲ. ಬೇಡ ಎಂದು ಗಟ್ಟಿಯಾಗಿ ಹೇಳಬಹುದಿತ್ತು, ಹೇಳಲಿಲ್ಲ. ಬಾಡಿಗೆ ಕಟ್ಟಬೇಕಿತ್ತು.

ಈ ಗಲಾಟೆ ಬೀದಿಗೆ ಬಂದದ್ದು 2008ರಲ್ಲಿ. ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಬಂತು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮ್‌ನಲ್ಲೂ ಇದ್ದವು, ಅಲ್ಲಿ ಅಷ್ಟು ಹಿಂಡಿರಲಿಲ್ಲ. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಟದ ಸಾಮಾನಿನಲ್ಲಿರುವುದೇ ಸಿ.ಡಿ.ಗಿಂತ ಚೆನ್ನಾಗಿದೆ! ಮತ್ತೆ ಮಿಕ್ಸ್ ಮಾಡಿ ಎಂದು ಹತ್ತು ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಅದನ್ನು ಮಾಸ್ಟರ್ ಮಾಡಿದ ಟೆಡ್ ಜೆನ್ಸನ್, ತನ್ನ ಕೈಗೆ ಬರುವ ಹೊತ್ತಿಗೇ ಅದನ್ನು ಹಿಂಡಿ ಆಗಿತ್ತು ಎಂದರು. ನಾನು ಅವರನ್ನು ನಂಬುತ್ತೇನೆ. ಅದೇ ವರ್ಷ ಗನ್ಸ್ ಎನ್ ರೋಸಸ್‌ನ ‘ಚೈನೀಸ್ ಡೆಮಾಕ್ರಸಿ’ ಆಲ್ಬಮ್‌ಗೆ ಮಾಸ್ಟರಿಂಗ್ ಎಂಜಿನಿಯರ್ ಬಾಬ್ ಲುಡ್‌ವಿಗ್ ಮೂರು ಥರದ ಮಾಸ್ಟರ್ ಮಾಡಿಕೊಟ್ಟರು. ಬ್ಯಾಂಡಿನ ಕಡೆಯವರು ಆರಿಸಿದ್ದು ಏರಿಳಿತ ಹೆಚ್ಚು ಉಳಿದಿದ್ದನ್ನೇ. ಆ ಸುದ್ದಿ ಓದಿದ ದಿನ ನನಗೆ ‘ಫೈನಲ್ ಸಾಕಪ್ಪಾ’ ನೆನಪಾಗಿ ಹೊಟ್ಟೆ ಉರಿಯಿತು.

ಪ್ರಶ್ನೆ: ಮನೆಯಲ್ಲೇ ರೆಕಾರ್ಡ್ ಮಾಡಿ ಹಾಡುಗಳನ್ನು ನೆಟ್‌ಗೆ ಹಾಕುತ್ತೇನೆ. ಲಿಮಿಟರ್ ಎಷ್ಟು ಒತ್ತಬೇಕು ಗೊತ್ತಾಗುತ್ತಿಲ್ಲ. ಒತ್ತದಿದ್ದರೆ ಬೇರೆಯವರ ಹಾಡಿನ ಪಕ್ಕದಲ್ಲಿ ನನ್ನದು ಮೂಲೆಗೆ ಬೀಳುತ್ತದೆ ಎಂಬ ಭಯ.
— ಮಲಗುವ ಕೋಣೆಯ ಸ್ಟುಡಿಯೋ

ಉತ್ತರ: ಆ ಭಯ ನನ್ನ ಕಾಲದ್ದು. ನೀವು ಸುಮ್ನೆ ಹೊತ್ತುಕೊಂಡಿದ್ದೀರಿ.

2006ರಲ್ಲಿ ಐ.ಟಿ.ಯು. ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಕಿವಿಗೆ ಎಷ್ಟು ಜೋರು ಎನಿಸುತ್ತದೆ ಎಂಬುದನ್ನು ಅಳೆಯುವ ಒಂದು ವಿಧಾನ ಗೊತ್ತುಮಾಡಿತು. ತುದಿ ಎಷ್ಟು ಎತ್ತರ ಎಂಬುದನ್ನಲ್ಲ, ಇಡೀ ಹಾಡು ಎಷ್ಟು ಜೋರು ಎಂಬುದನ್ನು. ಅದರ ಅಳತೆ ಎಲ್‌ಯುಎಫ್‌ಎಸ್. ಯುರೋಪಿನ ಪ್ರಸಾರಕರು 2010ರಲ್ಲಿ ಮೈನಸ್ 23, ಅಂದರೆ ಚಾವಣಿಗಿಂತ 23 ಕೆಳಗೆ, ಎಂಬ ಗುರಿ ಇಟ್ಟುಕೊಂಡರು. ಈಗ ಸ್ಪಾಟಿಫೈ ತಾನಾಗಿಯೇ ಹಾಡುಗಳನ್ನು ಮೈನಸ್ 14ರ ಹತ್ತಿರಕ್ಕೆ ತರುತ್ತದೆ. ಯೂಟ್ಯೂಬ್ ಕೂಡ ಜಾಸ್ತಿ ಜೋರಿದ್ದನ್ನು ಇಳಿಸುತ್ತದೆ. ಈಗ ಲೆಕ್ಕ ಹಾಕಿ. ನೀವು ಲಿಮಿಟರ್ ಒತ್ತಿ ಒತ್ತಿ ಮೈನಸ್ 8 ಮಾಡಿ ಹಾಕಿದಿರಿ. ಅವರು ಆರು ಡೆಸಿಬೆಲ್ ಇಳಿಸಿದರು. ಪಕ್ಕದವರು ಏನೂ ಒತ್ತದೆ ಮೈನಸ್ 14ರಲ್ಲೇ ಹಾಕಿದ್ದಾರೆ. ಈಗ ಇಬ್ಬರದೂ ಒಂದೇ ಜೋರು. ಆದರೆ ಅವರ ಡ್ರಮ್‌ಗೆ ತಲೆ ಇದೆ, ನಿಮ್ಮದಕ್ಕಿಲ್ಲ.

ಹಾಗಂತ ಮೈನಸ್ 14 ಎಂಬುದನ್ನೂ ಮಂತ್ರ ಮಾಡಿಕೊಳ್ಳಬೇಡಿ. ಭಾರೀ ಗಿಟಾರ್ ಇರುವ ಹಾಡು ಮೈನಸ್ 10ರಲ್ಲಿ ಚೆನ್ನಾಗಿರಬಹುದು, ಬರೀ ಪಿಯಾನೊ ಇದ್ದರೆ ಮೈನಸ್ 18 ಸರಿ ಇರಬಹುದು. ನಾನು ಮಾಡುವುದು ಇಷ್ಟು: ಮೊದಲು ಲಿಮಿಟರ್ ತೆಗೆದೇ ಬಿಟ್ಟು, ಸ್ಪೀಕರ್ ಗುಂಡಿ ತಿರುಗಿಸಿ, ಹಾಡನ್ನು ಜೋರಾಗಿ ಕೇಳುತ್ತೇನೆ. ಅದರಲ್ಲೇ ಹಿಡಿಸಿದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಲಿಮಿಟರ್ ಹಾಕಿ, ಅದರ ಮುಳ್ಳು ಅಪರೂಪಕ್ಕೊಮ್ಮೆ ಎರಡು-ಮೂರು ಡೆಸಿಬೆಲ್ ಅಲ್ಲಾಡುವಷ್ಟು ಮಾತ್ರ ಒತ್ತುತ್ತೇನೆ. ಚಾವಣಿಯನ್ನು ಒಂದು ಡೆಸಿಬೆಲ್ ಕೆಳಗೆ ಇಡುತ್ತೇನೆ, ಫೈಲ್ ಬಿಚ್ಚುವಾಗ ತುದಿ ಒಡೆಯದಿರಲಿ ಅಂತ. ಲಿಮಿಟರ್ ಇರುವ ಮತ್ತು ಇಲ್ಲದ ಹಾಡನ್ನು ಸಮ ಜೋರು ಮಾಡಿ ಹೋಲಿಸುವುದನ್ನು ಮಾತ್ರ ಯಾವತ್ತೂ ಬಿಡುವುದಿಲ್ಲ. ಹಾಗೆ ಹೋಲಿಸದಿದ್ದರೆ ಒತ್ತಿದ್ದೇ ಚೆನ್ನಾಗಿ ಕೇಳುತ್ತದೆ, ನೀವೂ ನನ್ನ ಹಾಗೆ ಇನ್ನೊಂದು ಚೂರು ಒತ್ತುತ್ತೀರಿ.

ಇನ್ನೊಂದು ವಿಷಯ. ರೆಕಾರ್ಡ್ ಮಾಡುವಾಗಲೇ ಮೀಟರ್ ಕೆಂಪಿಗೆ ಹೋಗುತ್ತಿದ್ದರೆ ಲಿಮಿಟರ್ ಬಗ್ಗೆ ಯೋಚಿಸುವುದೇ ದಂಡ. ತಂತ್ರಾಂಶದಲ್ಲಿ 24 ಬಿಟ್ ಎಂಬ ಸೆಟ್ಟಿಂಗ್ ಆರಿಸಿ, ಹತ್ತು-ಹನ್ನೆರಡು ಡೆಸಿಬೆಲ್ ಜಾಗ ಬಿಟ್ಟು ರೆಕಾರ್ಡ್ ಮಾಡಿ.

ಪ್ರಶ್ನೆ: ನೀವು ಕಂಪ್ರೆಸರ್‌ಗೆ ಬೈಯುತ್ತೀರಿ. ನಾನು ಹಾಡು ಕೇಳುವುದೇ ಕಾರಿನಲ್ಲಿ. ಏರಿಳಿತ ಜಾಸ್ತಿ ಇರುವ ಹಾಡಿನಲ್ಲಿ ಮೆಲ್ಲನೆಯ ಭಾಗ ಕೇಳುವುದೇ ಇಲ್ಲ, ಗುಂಡಿ ಏರಿಸಿದರೆ ಮುಂದೆ ಜೋರಿನ ಭಾಗ ಬಂದು ಕಿವಿಗೆ ಹೊಡೆಯುತ್ತದೆ.
— ಸ್ಟೇರಿಂಗ್ ಹಿಂದೆ

ಉತ್ತರ: ನಿಮ್ಮ ಮಾತು ಸರಿ, ಒಪ್ಪಿಕೊಂಡೆ. ಓಡುವ ಕಾರಿನೊಳಗೆ 65-70 ಡೆಸಿಬೆಲ್ ಸದ್ದು ಮೊದಲೇ ತುಂಬಿರುತ್ತದೆ (ಇದು ಕಿವಿಗೆ ಬೀಳುವ ಸದ್ದಿನ ಅಳತೆ, ಸಿ.ಡಿ.ಯ ಚಾವಣಿಯಿಂದ ಕೆಳಕ್ಕೆ ಎಣಿಸುವ ಡೆಸಿಬೆಲ್ ಅಲ್ಲ). ಅದಕ್ಕಿಂತ ಮೆಲ್ಲಗಿರುವುದೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ.

ಕಂಪ್ರೆಸರ್ ಕಂಡರೆ ನನಗೇನೂ ದ್ವೇಷ ಇಲ್ಲ. ಅದಿಲ್ಲದೆ ನಾನು ಒಂದು ದಿನವೂ ಕೆಲಸ ಮಾಡಿಲ್ಲ. ಮೈಕಿಗೆ ಹತ್ತಿರ ಬಂದು ದೂರ ಹೋಗುವ ಗಾಯಕರ ದನಿಯನ್ನು ಒಂದು ಹದಕ್ಕೆ ತರುವುದೇ ಅದು. ನನ್ನ ತಕರಾರು ಅದನ್ನು ಎಲ್ಲಿ ಹಾಕುತ್ತಾರೆ ಎಂಬುದರ ಬಗ್ಗೆ. ಕಾರಿಗೆ ಬೇಕಾದರೆ ಕಾರಿನ ಪ್ಲೇಯರ್‌ನಲ್ಲಿ ಇರಲಿ. ಟಿ.ವಿ.ಗಳಲ್ಲಿ ‘ನೈಟ್ ಮೋಡ್’ ಎಂದು ಇರುತ್ತದಲ್ಲ, ಅದೂ ಇದೇ ಕೆಲಸ ಮಾಡುತ್ತದೆ. ಬೇಡವಾದಾಗ ಆಫ್ ಮಾಡಬಹುದು. ಡಿಸ್ಕಿನಲ್ಲೇ ಹಿಂಡಿ ಕೊಟ್ಟರೆ ಮನೆಗೆ ಬಂದು ನಿಶ್ಶಬ್ದ ಕೋಣೆಯಲ್ಲಿ ಕೂತವರೂ ಕಾರಿನಲ್ಲೇ ಕೂತ ಹಾಗಾಯಿತು.

ಪ್ರಶ್ನೆ: ಹಾಗಾದರೆ ವಿನೈಲ್ ಕೊಳ್ಳುವುದೇ ಒಳ್ಳೆಯದಾ?
— ತಿರುಗುವ ತಟ್ಟೆ

ಉತ್ತರ: ಅದಕ್ಕೆ ಬೇರೆ, ಹಿಂಡದ ಮಾಸ್ಟರ್ ಮಾಡಿದ್ದರೆ ಹೌದು. ಸಿ.ಡಿ.ಯ ಅದೇ ಫೈಲನ್ನು ತಗ್ಗಿಸಿ ಕೆತ್ತಿದ್ದರೆ ಹೊದಿಕೆಯ ಮೇಲೆ ಬರೀ ದೊಡ್ಡ ಚಿತ್ರ ಸಿಕ್ಕಿತು ಅಷ್ಟೇ. ವಿನೈಲ್‌ನಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಅಳೆದರೆ ಏರಿಳಿತ ಜಾಸ್ತಿ ತೋರಿಸುತ್ತದೆ ಎಂದು ಕುಣಿಯಬೇಡಿ. ಸೂಜಿ ಹಾದುಬರುವಾಗ ಅಲೆಯ ಆಕಾರ ಬದಲಾಗಿ ಮೀಟರ್ ಮೋಸ ಹೋಗುತ್ತದೆ.

ಪ್ರಶ್ನೆ: ಹಿಂಡಿದ ಹಾಡು ಕೇಳಿದರೆ ಕಿವಿ ಹಾಳಾಗುತ್ತದಾ?
— ಹೆಡ್‌ಫೋನ್ ಹುಡುಗಿಯ ತಾಯಿ

ಉತ್ತರ: ಕಿವಿಗೆ ಮುಖ್ಯ ಎರಡು ಸಂಗತಿ: ಎಷ್ಟು ಜೋರು, ಎಷ್ಟು ಹೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ಗುಂಡಿ ಒಂದೇ ಕಡೆ ಇದ್ದರೂ ಹಿಂಡಿದ ಹಾಡಿನ ಸರಾಸರಿ ಸದ್ದು ಜಾಸ್ತಿ, ನಡುವೆ ಬಿಡುವೂ ಇಲ್ಲ. ಅಷ್ಟರಮಟ್ಟಿಗೆ ಎಚ್ಚರ ಇರಲಿ. ಮಗಳ ಫೋನಿನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೆಟ್ಟಿಂಗ್ ಇದ್ದರೆ ಹಾಕಿ. ಆದರೆ ಅವಳಿಗೆ ಹೇಳಿಯೇ ಹಾಕಿ.

ಪ್ರಶ್ನೆ: ಹದಿನೈದು ವರ್ಷದ ಹಿಂದೆ ನಾವು ಗೆಳೆಯರು ಮಾಡಿದ ಒಂದು ಹಾಡು ಇದೆ. ಆಗ ಹುಚ್ಚುಚ್ಚಾಗಿ ಜೋರು ಮಾಡಿಸಿದ್ದೆವು. ಆ ಫೈಲ್ ಮಾತ್ರ ಉಳಿದಿದೆ. ಮತ್ತೆ ಮೊದಲಿನ ಹಾಗೆ ಮಾಡಬಹುದಾ?
— ಆಗಿನ ಡ್ರಮ್ಮರ್

ಉತ್ತರ: ತುಂಡಾದ ತುದಿಗಳನ್ನು ಮತ್ತೆ ಬಿಡಿಸುವ ತಂತ್ರಾಂಶಗಳಿವೆ, ಡಿಕ್ಲಿಪ್ಪರ್ ಎನ್ನುತ್ತಾರೆ. ಅಕ್ಕಪಕ್ಕದ ಅಲೆ ನೋಡಿ, ಇಲ್ಲಿ ಇಷ್ಟು ಎತ್ತರ ಇದ್ದಿರಬೇಕು ಎಂದು ಊಹಿಸಿ ಬರೆಯುತ್ತವೆ. ಕರ್ಕಶ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಬರುವುದು ನಿಮ್ಮ ಏಟಲ್ಲ, ನಿಮ್ಮ ಏಟು ಹೀಗಿದ್ದಿರಬಹುದು ಎಂಬ ಊಹೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಆಗ ಮಿಕ್ಸ್ ಮಾಡಿದವರನ್ನು ಹುಡುಕಿ, ಲಿಮಿಟರ್ ಹಾಕುವ ಮುಂಚಿನ ಫೈಲ್ ಎಲ್ಲಾದರೂ ಇದೆಯಾ ಕೇಳಿ. ನಮ್ಮಂಥವರು ಏನನ್ನೂ ಬಿಸಾಡುವುದಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ನಾನೂ ಅಟ್ಟದ ಮೇಲಿನ ಡಬ್ಬಿ ಇಳಿಸಿದೆ. ಎರಡು ಹಳೇ ಹಾರ್ಡ್ ಡಿಸ್ಕ್ ಸಿಕ್ಕವು. ಒಂದು ಬರೀ ಕಟಕಟ ಎಂದಿತು, ತೆರೆಯಲಿಲ್ಲ. ಇನ್ನೊಂದರಲ್ಲಿ 2004 ಎಂಬ ಫೋಲ್ಡರ್ ಇತ್ತು. ‘ಫೈನಲ್ ಸಾಕಪ್ಪಾ’ ಇತ್ತು, ಅದರ ಕೆಳಗೆ ಬರೀ ‘ಮಿಕ್ಸ್’ ಎಂದೂ ಒಂದಿತ್ತು. ರಾತ್ರಿ ಹನ್ನೊಂದಾಗಿತ್ತು. ‘ಮಿಕ್ಸ್’ ಹಾಕಿದೆ. ದನಿ ಮತ್ತು ಗಿಟಾರ್ ಎಷ್ಟು ಮೆಲ್ಲಗೆ ಬಂತೆಂದರೆ, ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿ ಕಾದು ಕೂತೆ. ಎರಡು ನಿಮಿಷ ಆಯಿತು. ಡ್ರಮ್ ಬಿತ್ತು. ಪಕ್ಕದ ಕೋಣೆಯಿಂದ ನಮ್ಮ ಯಜಮಾನರು ‘ಏನಾಯ್ತೇ?’ ಎನ್ನುತ್ತಾ ಎದ್ದು ಬಂದರು.